ಘಾಟಿ ಏರುವಾಗ ಎಂಜಿನ್ ಮತ್ತು ಗೇರ್‌ಬಾಕ್ಸ್ ಶಾಖ: ಫೋನಿಗೆ ಜೋಡಿಸುವ ಸ್ಕ್ಯಾನರ್ ತೋರಿಸುವ ಅಂಕಿಯನ್ನು ಎಷ್ಟು ನಂಬಬಹುದು?

ಶಿರಾಡಿ ದಾರಿ:

ಎಲ್ಲರಿಗೂ ನಮಸ್ಕಾರ. ನಮ್ಮ ಹಿರಿಯರು ಮಂಗಳೂರಿನಲ್ಲಿದ್ದಾರೆ, ನಾವು ಬೆಂಗಳೂರಿನಲ್ಲಿದ್ದೇವೆ. ಆದ್ದರಿಂದ ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿ ಘಾಟಿ ನಮಗೆ ವಾಡಿಕೆಯ ದಾರಿ. ನಮ್ಮದು ಏಳು ಜನ ಕೂರುವ ಡೀಸೆಲ್ ಗಾಡಿ, ಆರು ಗೇರಿನ ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಜೋಡಣೆ) ಆಟೋಮ್ಯಾಟಿಕ್. ಊರಿನಿಂದ ಹಿಂತಿರುಗುವಾಗ ಕುಚ್ಚಲಕ್ಕಿ, ತೆಂಗಿನಕಾಯಿ ಎಂದು ಹಿಂಬದಿ ಭರ್ತಿಯಾಗಿರುತ್ತದೆ. ಗುಂಡ್ಯ ದಾಟಿದ ಮೇಲೆ ಗ್ಯಾಸ್ ಟ್ಯಾಂಕರುಗಳ ಸಾಲಿನ ಹಿಂದೆ ಸಿಕ್ಕಿಕೊಂಡರೆ ಮಾರನಹಳ್ಳಿ ಮುಟ್ಟುವವರೆಗೂ ಗಾಡಿ ತೆವಳುತ್ತಲೇ ಏರಬೇಕಾಗುತ್ತದೆ. ಈಚೆಗೆ ಹಾಗೆಯೇ ಮೇಲೆ ಬಂದು ಸಕಲೇಶಪುರದ ಬಳಿ ನಿಲ್ಲಿಸಿದಾಗ ಗಾಡಿಯ ಅಡಿಯಿಂದ ಕಾದ ಎಣ್ಣೆಯ ವಾಸನೆ ಬಂತು. ಡ್ಯಾಶ್‌ಬೋರ್ಡಿನ ಶಾಖದ ಮುಳ್ಳು ಮಾತ್ರ ನಡುಗೆರೆಯಿಂದ ಕದಲಿರಲಿಲ್ಲ.

ಆ ಬಳಿಕ ಬ್ಲೂಟೂತ್‌ನ ಒಂದು ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನಿಂದ ಮಾಹಿತಿ ಓದುವ ಸಾಧನ) ಕೊಂಡು ಫೋನಿಗೆ ಜೋಡಿಸಿದ್ದೇನೆ. ಬಯಲಿನಲ್ಲಿ ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ತಾಪಮಾನ 88ರಿಂದ 92 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಘಾಟಿಯಲ್ಲಿ 104ರವರೆಗೆ ಏರಿತು. ಗೇರ್‌ಬಾಕ್ಸ್ ತಾಪಮಾನ ಕೇಳಿದರೆ ಆ್ಯಪ್ ‘ಮಾಹಿತಿ ಇಲ್ಲ’ ಎನ್ನುತ್ತದೆ. 104 ಎಂಬುದು ಅಪಾಯವೇ, ಗೇರ್‌ಬಾಕ್ಸ್‌ನ ಅಂಕಿಯನ್ನು ಪಡೆಯುವ ದಾರಿ ಯಾವುದು, ಎಷ್ಟು ಡಿಗ್ರಿಗೆ ಗಾಡಿಯನ್ನು ಬದಿಗೆ ನಿಲ್ಲಿಸಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿ ಗ್ಯಾರೇಜ್:

104 ಡಿಗ್ರಿಗೆ ಹೆದರಬೇಕಾಗಿಲ್ಲ ಸರ್. ನೀರು 100ಕ್ಕೆ ಕುದಿಯುತ್ತದೆ ಎಂಬ ಶಾಲೆಯ ಪಾಠವನ್ನು ರೇಡಿಯೇಟರಿಗೆ ಹಾಗೆಯೇ ಅನ್ವಯಿಸಬಾರದು. ಒಳಗಿರುವುದು ಬರೀ ನೀರಲ್ಲ, ಅರ್ಧಕ್ಕರ್ಧ ಎಥಿಲಿನ್ ಗ್ಲೈಕಾಲ್ ಬೆರೆತ ಕೂಲಂಟ್; ಮೇಲಿನ ಮುಚ್ಚಳವು ಸುಮಾರು ಒಂದು ಬಾರ್ ಒತ್ತಡವನ್ನು ಒಳಗೇ ಹಿಡಿದಿಡುತ್ತದೆ. ಇವೆರಡೂ ಸೇರಿ ಕುದಿಯುವ ಮಟ್ಟವನ್ನು 125 ಡಿಗ್ರಿಯ ಆಚೆಗೆ ತಳ್ಳುತ್ತವೆ. ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟ್, ತೆರೆದುಕೊಳ್ಳಲು ಆರಂಭಿಸುವುದೇ ಸಾಮಾನ್ಯವಾಗಿ 82ರಿಂದ 90ರ ನಡುವೆ. ವಿದ್ಯುತ್ ಫ್ಯಾನ್ ಇರುವ ಹಲವು ಕಾರುಗಳಲ್ಲಿ ಫ್ಯಾನ್ ತಿರುಗತೊಡಗುವುದೇ 95 ದಾಟಿದ ಮೇಲೆ. ಮುಚ್ಚಳದ ರಬ್ಬರ್ ಸತ್ತುಹೋಗಿದ್ದರೆ ಮಾತ್ರ ಈ ಲೆಕ್ಕವೆಲ್ಲ ಕೆಡುತ್ತದೆ. ಆದ್ದರಿಂದ ಮೊದಲು ಅದನ್ನು ನೋಡಿಸಿಕೊಳ್ಳಿ.

ನನ್ನ ಅಭಿಪ್ರಾಯದಲ್ಲಿ ಗಾಡಿಯೊಂದಿಗೆ ಬಂದ ಮುಳ್ಳು ಮತ್ತು ಕೆಂಪು ದೀಪ ಸಾಮಾನ್ಯ ಚಾಲಕರಿಗೆ ಸಾಕು. ಅಂಕಿ ಕಣ್ಣೆದುರು ಇದ್ದರೆ ಎರಡು ಡಿಗ್ರಿ ಏರಿದರೂ ಜನ ಗಾಬರಿಯಾಗುತ್ತಾರೆ. ಯಾವ ದೋಷವೂ ಇಲ್ಲದ ಗಾಡಿಗಳನ್ನು ಈ ಕಾರಣಕ್ಕಾಗಿಯೇ ನಮ್ಮಲ್ಲಿಗೆ ತರುವವರಿದ್ದಾರೆ.

ಸಂಕೇತ ಓದುಗ:

ಗ್ಯಾರೇಜ್‌ನವರ ಮೊದಲ ಭಾಗವನ್ನು ಪೂರ್ಣವಾಗಿ ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ. ಈಗಿನ ಬಹುತೇಕ ಕಾರುಗಳ ಮುಳ್ಳು ತಾಪಮಾನವನ್ನು ಇದ್ದ ಹಾಗೆ ತೋರಿಸುವುದಿಲ್ಲ. ಸುಮಾರು 75ರಿಂದ 105 ಡಿಗ್ರಿಯವರೆಗೆ ಏನೇ ಇದ್ದರೂ ಅದು ನಡುವಿನಲ್ಲೇ ನಿಲ್ಲುವಂತೆ ತಯಾರಕರೇ ತಂತ್ರಾಂಶದಲ್ಲಿ ಹೊಂದಿಸಿರುತ್ತಾರೆ. ಸಣ್ಣ ಏರಿಳಿತಕ್ಕೆಲ್ಲ ಗ್ರಾಹಕರು ದೂರು ತರಬಾರದೆಂಬುದು ಅದರ ಉದ್ದೇಶ. ಪರಿಣಾಮವಾಗಿ ಮುಳ್ಳು ಮೇಲಕ್ಕೆ ಹೊರಟಾಗ ಚಾಲಕನಿಗೆ ಉಳಿದಿರುವ ಕಾಲಾವಕಾಶ ಬಹಳ ಕಡಿಮೆ. ಶಿರಾಡಿಯವರ ಗಾಡಿ 90ರಿಂದ 104ಕ್ಕೆ ಹೋದರೂ ಮುಳ್ಳು ಕದಲದಿದ್ದುದಕ್ಕೆ ಕಾರಣ ಇದೇ.

ಸ್ಕ್ಯಾನರ್ ತರುವ ಅಂಕಿ ಎಂಜಿನ್ ಕಂಪ್ಯೂಟರ್ ತಾನೇ ಬಳಸುವ ಅಂಕಿ. ಫೋನ್ ‘01 05’ ಎಂದು ಕೇಳುತ್ತದೆ, ಕಂಪ್ಯೂಟರ್ ಒಂದು ಬೈಟ್ ಉತ್ತರ ಕೊಡುತ್ತದೆ, ಅದರಿಂದ 40 ಕಳೆದರೆ ಸೆಲ್ಸಿಯಸ್ ಬರುತ್ತದೆ. ಉತ್ತರ ‘41 05 90’ ಎಂದಿದ್ದರೆ, ಹದಿನಾರರ ಎಣಿಕೆಯ 90 ನಮ್ಮ ಎಣಿಕೆಯಲ್ಲಿ 144. 40 ಕಳೆದರೆ 104. ಇಲ್ಲಿ ಊಹೆಗೆ ಎಡೆಯಿಲ್ಲ. ಎಡೆ ಇರುವುದು ಆ ಅಂಕಿಯನ್ನು ಅರ್ಥೈಸುವಲ್ಲಿ ಮಾತ್ರ.

ತುಮಕೂರು ರಸ್ತೆ:

ನಮ್ಮ ಸಣ್ಣ ಕಾರಿನಲ್ಲಿ ಮುಳ್ಳೇ ಇಲ್ಲ. ಎಂಜಿನ್ ತಣ್ಣಗಿದ್ದಾಗ ನೀಲಿ ದೀಪ, ಮಿತಿ ಮೀರಿದಾಗ ಕೆಂಪು ದೀಪ, ನಡುವೆ ಏನೂ ಇಲ್ಲ. ನಮ್ಮಂಥವರಿಗೆ ಸ್ಕ್ಯಾನರ್ ಬೇಕೇ ಬೇಕು.

ಸಂಕೇತ ಓದುಗ:

ಗೇರ್‌ಬಾಕ್ಸ್ ಪ್ರಶ್ನೆಗೆ ಪ್ರತ್ಯೇಕವಾಗಿ ಉತ್ತರಿಸುತ್ತೇನೆ, ಏಕೆಂದರೆ ಬಹಳ ಜನ ಎಡವುವುದು ಇಲ್ಲಿಯೇ. ಒಬಿಡಿ ಎರಡನೆಯ ಆವೃತ್ತಿಯು ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾಯಿತು, ನಮ್ಮಲ್ಲಿ 2013ರ ಏಪ್ರಿಲ್‌ನಿಂದ ಕಾರುಗಳಿಗೆ ಬಂತು. ಅದರ ಮೂಲ ಉದ್ದೇಶ ಹೊಗೆ ನಿಯಂತ್ರಣ. ಎಂಜಿನ್ ಎಷ್ಟು ಬಿಸಿಯಾಗಿದೆ ಎಂಬುದು ಹೊಗೆಗೆ ನೇರವಾಗಿ ಸಂಬಂಧಿಸಿದ್ದರಿಂದ ಕೂಲಂಟ್‌ಗೆ 05, ಒಳಬರುವ ಗಾಳಿಗೆ 0ಎಫ್, ಎಂಜಿನ್ ಎಣ್ಣೆಗೆ 5ಸಿ ಎಂದು ಎಲ್ಲ ಕಂಪನಿಗಳಿಗೂ ಸಮಾನವಾದ ಸಂಖ್ಯೆಗಳಿವೆ. ಇವುಗಳಲ್ಲಿ 5ಸಿಯನ್ನು ಎಲ್ಲ ಗಾಡಿಗಳೂ ಬೆಂಬಲಿಸುವುದಿಲ್ಲ. ಗೇರ್‌ಬಾಕ್ಸ್ ಎಣ್ಣೆಯ ಶಾಖವನ್ನು ಕೇಳಲು ಮಾತ್ರ ಎಲ್ಲರಿಗೂ ಅನ್ವಯಿಸುವ ರೂಢಿಯ ಸಂಖ್ಯೆಯಿಲ್ಲ. ಪ್ರತಿ ತಯಾರಕರೂ 21 ಅಥವಾ 22ನೆಯ ಸೇವೆಯಡಿ (ಪ್ರಶ್ನೆಯ ಆರಂಭದಲ್ಲಿ ಬರುವ, ಅದರ ಬಗೆ ತಿಳಿಸುವ ಸಂಖ್ಯೆ) ತಮ್ಮದೇ ಸಂಖ್ಯೆಯಲ್ಲಿ ಅದನ್ನು ಇಟ್ಟಿರುತ್ತಾರೆ. ಜೊತೆಗೆ ಪ್ರಶ್ನೆಯನ್ನು ಎಂಜಿನ್ ಕಂಪ್ಯೂಟರಿಗಲ್ಲ, ಗೇರ್‌ಬಾಕ್ಸ್ ಕಂಪ್ಯೂಟರಿಗೆ ಕಳಿಸಬೇಕಾಗಬಹುದು. ಅನೇಕ ಗಾಡಿಗಳಲ್ಲಿ ಮೊದಲನೆಯದರ ವಿಳಾಸ 7ಇ0, ಎರಡನೆಯದರದು 7ಇ1.

ಕಾರ್ ಸ್ಕ್ಯಾನರ್, ಟಾರ್ಕ್ ಪ್ರೊ ಮೊದಲಾದ ಆ್ಯಪ್‌ಗಳಲ್ಲಿ ಗಾಡಿಯ ಮಾದರಿಯನ್ನು ಆಯ್ದುಕೊಂಡರೆ ಇಂಥ ವಿಶೇಷ ಸಂಖ್ಯೆಗಳ ಪಟ್ಟಿ ತೆರೆದುಕೊಳ್ಳುತ್ತದೆ. ಯಾರೋ ಕೊಟ್ಟ ಸೂತ್ರವನ್ನು ಹಾಕಿ, ಅಂಕಿಯೊಂದು ಬಂದ ಮಾತ್ರಕ್ಕೆ ಅದನ್ನು ನಂಬಬೇಡಿ. ರಾತ್ರಿಯಿಡೀ ನಿಂತ ಗಾಡಿಯ ಇಗ್ನಿಷನ್ ಅನ್ನು ಬೆಳಿಗ್ಗೆ ಎಂಜಿನ್ ಚಾಲೂ ಮಾಡದೆ ಆನ್ ಮಾಡಿ, ಕೂಲಂಟ್, ಒಳಗಾಳಿ, ಗೇರ್‌ಬಾಕ್ಸ್ ಮೂರನ್ನೂ ನೋಡಿ. ಮೂರೂ ಹೊರಗಿನ ಹವೆಗೆ ಹತ್ತಿರವಾಗಿ, ಒಂದಕ್ಕೊಂದು ಕೆಲವೇ ಡಿಗ್ರಿಗಳ ಅಂತರದಲ್ಲಿರಬೇಕು. ಆಮೇಲೆ ಗಾಡಿ ಓಡಿಸಿದಾಗ ಗೇರ್‌ಬಾಕ್ಸ್ ಅಂಕಿ ಕೂಲಂಟ್‌ಗಿಂತ ನಿಧಾನವಾಗಿ ಏರಬೇಕು. ಅದು −40 ಎಂದು ನಿಂತಿದ್ದರೆ ಬಂದಿರುವ ಬೈಟ್ ಸೊನ್ನೆ ಎಂದರ್ಥ. ಸೂತ್ರ ತಪ್ಪಾಗಿದೆ ಅಥವಾ ಸೆನ್ಸರ್‌ನ ತಂತಿ ಕಡಿದಿದೆ.

ಡೆನ್ವರ್ ಕನ್ನಡಿಗ:

ಅಮೆರಿಕದ ಕೊಲೊರಾಡೊದಿಂದ ಬರೆಯುತ್ತಿದ್ದೇನೆ. ಇಲ್ಲಿ ಪಿಕಪ್ ಗಾಡಿಯ ಹಿಂದೆ ಟ್ರೈಲರ್ ಕಟ್ಟಿಕೊಂಡು ಬೆಟ್ಟ ಹತ್ತುವವರು ಬಹಳ, ಆದ್ದರಿಂದ ಗೇರ್‌ಬಾಕ್ಸ್ ಶಾಖದ ಚರ್ಚೆ ಇಲ್ಲಿ ಹಳೆಯದು. ಜನರಲ್ ಮೋಟಾರ್ಸ್‌ನ ಅನೇಕ ಗಾಡಿಗಳಲ್ಲಿ 22 1940 ಎಂದು ಕೇಳಿ 40 ಕಳೆಯುತ್ತಾರೆ. ಫೋರ್ಡ್‌ನ ಹಲವು ಗಾಡಿಗಳಲ್ಲಿ 22 1ಇ1ಸಿ ಎಂದು ಕೇಳಿ, ಬಂದ ಎರಡು ಬೈಟ್‌ಗಳ ಸಂಖ್ಯೆಯನ್ನು 16ರಿಂದ ಭಾಗಿಸುತ್ತಾರೆ. ಒಂದರ ಸೂತ್ರವನ್ನು ಇನ್ನೊಂದಕ್ಕೆ ಹಾಕಿದರೆ ಉತ್ತರ ಅರ್ಥಹೀನ.

ಡೆನ್ವರ್‌ನಿಂದ ಪಶ್ಚಿಮಕ್ಕೆ ಹೋಗುವ ಐ-70 ಹೆದ್ದಾರಿಯು ಐಸೆನ್‌ಹೋವರ್ ಸುರಂಗದ ಬಳಿ ಸುಮಾರು 3,400 ಮೀಟರ್ ಎತ್ತರಕ್ಕೆ ಏರುತ್ತದೆ. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಹವೆ ತಂಪಾಗಿದ್ದರೂ ರೇಡಿಯೇಟರ್ ಹೊರಹಾಕುವ ಶಾಖ ಕಡಿಮೆಯಾಗುತ್ತದೆ. ಟಾರ್ಕ್ ಕನ್ವರ್ಟರ್ ಲಾಕ್ ಆಗಿರುವವರೆಗೆ, ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಜಾರದೆ ನೇರವಾಗಿ ಜೋಡಿಕೊಂಡಿರುವವರೆಗೆ, ಗೇರ್‌ಬಾಕ್ಸ್ ಎಣ್ಣೆ ಶಾಂತವಾಗಿರುತ್ತದೆ. ವೇಗ ಇಳಿದು ಲಾಕ್ ಬಿಟ್ಟುಹೋದ ಕೂಡಲೇ ಅಂಕಿ ಏರತೊಡಗುತ್ತದೆ. ಶಿರಾಡಿಯವರು ಟ್ಯಾಂಕರಿನ ಹಿಂದೆ ತೆವಳಿದಾಗ ಆಗಿರುವುದೂ ಇದೇ ಎಂದು ನನಗನಿಸುತ್ತದೆ. ಲಾಕ್ ಇಲ್ಲದಿದ್ದಾಗ ಎಂಜಿನ್ನಿನ ಶಕ್ತಿಯ ಒಂದು ಭಾಗ ಚಕ್ರಕ್ಕೆ ಹೋಗದೆ ಎಣ್ಣೆಯನ್ನು ಕಲಕುವುದರಲ್ಲೇ ಶಾಖವಾಗಿ ಕಳೆದುಹೋಗುತ್ತದೆ.

ಎಣ್ಣೆಯ ಆಯುಸ್ಸಿನ ಬಗ್ಗೆ ಇಲ್ಲಿ ಹಳೆಯದೊಂದು ಅಂದಾಜು ಸೂತ್ರವಿದೆ: 79 ಡಿಗ್ರಿಯ ಮೇಲೆ ಪ್ರತಿ 11 ಡಿಗ್ರಿ ಏರಿಕೆಗೆ ಎಣ್ಣೆಯ ಬಾಳಿಕೆ ಅರ್ಧಕ್ಕಿಳಿಯುತ್ತದೆ. ಇಂದಿನ ಸಿಂಥೆಟಿಕ್ ಎಣ್ಣೆಗಳು ಅದಕ್ಕಿಂತ ಹೆಚ್ಚು ತಾಳುತ್ತವೆ, ಆದರೂ ದಿಕ್ಕು ಸರಿಯಾಗಿಯೇ ಇದೆ. 80ರಿಂದ 95 ನೆಮ್ಮದಿಯ ಮಟ್ಟ. ಘಾಟಿಯಲ್ಲಿ ಸ್ವಲ್ಪ ಹೊತ್ತು 110 ಆದರೆ ಚಿಂತೆಯಿಲ್ಲ. 120 ದಾಟಿ ಅಲ್ಲೇ ನಿಂತರೆ ಎಣ್ಣೆ ಬೇಗ ಕೆಡತೊಡಗುತ್ತದೆ.

ಹುಬ್ಬಳ್ಳಿ ಗ್ಯಾರೇಜ್:

ಡೆನ್ವರಿನವರು ಹೇಳಿದ ಲಾಕ್‌ನ ವಿಷಯ ಬಹಳ ಮುಖ್ಯ. ಘಾಟಿಯಲ್ಲಿ ಗೇರ್ ಲಿವರನ್ನು ಡಿಯಲ್ಲೇ ಬಿಟ್ಟರೆ ಗೇರ್‌ಬಾಕ್ಸ್ ಮೂರು ಮತ್ತು ಎರಡರ ನಡುವೆ ತಡಕಾಡುತ್ತದೆ. ಮ್ಯಾನುಯಲ್ ಕ್ರಮಕ್ಕೆ ತಂದು ಎರಡನೇ ಗೇರಿನಲ್ಲೇ ಹಿಡಿದರೆ ಎಂಜಿನ್ ಸುತ್ತುಗಳು ಏರುತ್ತವೆ, ವಾಟರ್ ಪಂಪ್ ಮತ್ತು ಗೇರ್‌ಬಾಕ್ಸ್‌ನ ಎಣ್ಣೆ ಪಂಪ್ ಎರಡೂ ಹೆಚ್ಚು ತಿರುಗುತ್ತವೆ, ಅನೇಕ ಗಾಡಿಗಳಲ್ಲಿ ಲಾಕ್ ಕೂಡ ಬೇಗ ಹಿಡಿಯುತ್ತದೆ. ಸದ್ದು ಹೆಚ್ಚಾಯಿತೆಂದು ಗಾಡಿಗೆ ಕಷ್ಟವಾಗುತ್ತಿದೆ ಎಂದು ತಿಳಿಯಬಾರದು. ಕಡಿಮೆ ಸುತ್ತಿನಲ್ಲಿ ಪೆಡಲ್ ಒತ್ತಿ ಏರುವುದೇ ಹೆಚ್ಚಿನ ಕಷ್ಟ.

ಇನ್ನೊಂದು ಮಾತು. ಈಗಿನ ಸೀಲ್ ಮಾಡಿದ ಗೇರ್‌ಬಾಕ್ಸ್‌ಗಳಲ್ಲಿ ಎಣ್ಣೆ ಅಳೆಯುವ ಕಡ್ಡಿಯೇ ಇರುವುದಿಲ್ಲ. ಎಣ್ಣೆ ನಿಗದಿತ ತಾಪಮಾನಕ್ಕೆ, ಹಲವು ಮಾದರಿಗಳಲ್ಲಿ 40 ಡಿಗ್ರಿಯ ಆಸುಪಾಸಿಗೆ, ಬಂದಾಗ ಎಂಜಿನ್ ಓಡುತ್ತಿರುವಂತೆಯೇ ಅಡಿಯ ಪ್ಲಗ್ ಬಿಚ್ಚಿ ಮಟ್ಟ ನೋಡಬೇಕು. ಎಣ್ಣೆ ಬಿಸಿಯಾದಂತೆ ಹಿಗ್ಗುವುದರಿಂದ ತಾಪಮಾನ ತಿಳಿಯದೆ ನೋಡಿದ ಮಟ್ಟ ಸುಳ್ಳು. ಈ ಕೆಲಸಕ್ಕೆ ಸ್ಕ್ಯಾನರ್ ಇಲ್ಲದೆ ಆಗುವುದಿಲ್ಲ. ತಮ್ಮ ಗಾಡಿಯ ಎಣ್ಣೆ ಬದಲಿಸುವಾಗ ಮೆಕ್ಯಾನಿಕ್ ತಾಪಮಾನ ನೋಡುತ್ತಿದ್ದಾರೆಯೇ ಎಂದು ಗಮನಿಸುವುದು ಮಾಲೀಕರ ಹಕ್ಕು.

ಹೊರವರ್ತುಲ ರಸ್ತೆ:

ಘಾಟಿಯನ್ನೇ ಕಾಣದ ನಮ್ಮ ಗಾಡಿ ಬೆಂಗಳೂರಿನ ಸಂಜೆಯ ದಟ್ಟಣೆಯಲ್ಲೇ ‘ಗೇರ್‌ಬಾಕ್ಸ್ ಬಿಸಿಯಾಗಿದೆ, ಸುರಕ್ಷಿತವಾಗಿ ನಿಲ್ಲಿಸಿ’ ಎಂದು ಎಚ್ಚರಿಸಿತು. ಅದು ಏಳು ಗೇರಿನ ಒಣ ಕ್ಲಚ್‌ನ ಡಿಸಿಟಿ (ಎರಡು ಕ್ಲಚ್‌ಗಳ ಆಟೋಮ್ಯಾಟಿಕ್). ಆಗ ಕೂಲಂಟ್ 95ರ ಆಸುಪಾಸಿನಲ್ಲಿ ಆರಾಮವಾಗಿತ್ತು. ಎಂಜಿನ್ ತಣ್ಣಗಿದ್ದೂ ಗೇರ್‌ಬಾಕ್ಸ್ ಬಿಸಿಯಾಗುವುದು ಹೇಗೆ ಎಂಬುದನ್ನು ಯಾರಾದರೂ ವಿವರಿಸುವಿರಾ?

ಸಂಕೇತ ಓದುಗ:

ಒಣ ಕ್ಲಚ್‌ಗೆ ಎಣ್ಣೆಯ ಸ್ನಾನವಿಲ್ಲ. ಅದರ ಶಾಖ ಹೊರಹೋಗಬೇಕಾದದ್ದು ಸುತ್ತಲಿನ ಗಾಳಿ ಮತ್ತು ಲೋಹದ ಮೂಲಕವೇ. ಆಮೆ ನಡೆಯ ದಟ್ಟಣೆಯಲ್ಲಿ ಕ್ಲಚ್ ಪೂರ್ತಿ ಹಿಡಿಯದೆ ಅರ್ಧ ಜಾರುತ್ತಲೇ ಗಾಡಿಯನ್ನು ಮುಂದಕ್ಕೆ ದೂಡುತ್ತದೆ, ಆ ಜಾರುವಿಕೆಯೆಲ್ಲ ಶಾಖವಾಗುತ್ತದೆ. ಕೂಲಂಟ್‌ಗೂ ಇದಕ್ಕೂ ನೇರ ಸಂಬಂಧವಿಲ್ಲ, ಆದ್ದರಿಂದ ಕೂಲಂಟ್ ಅಂಕಿ ನೋಡಿ ಗೇರ್‌ಬಾಕ್ಸ್ ಸುಖವಾಗಿದೆ ಎಂದು ತೀರ್ಮಾನಿಸುವುದು ತಪ್ಪು.

ಇಂಥ ಹಲವು ಗೇರ್‌ಬಾಕ್ಸ್‌ಗಳಲ್ಲಿ ಕ್ಲಚ್ ತಟ್ಟೆಯ ಮೇಲೆ ಸೆನ್ಸರೇ ಇರುವುದಿಲ್ಲ. ಎಷ್ಟು ಬಲ, ಎಷ್ಟು ಜಾರುವಿಕೆ, ಎಷ್ಟು ಹೊತ್ತು ಎಂಬುದರಿಂದ ಕಂಪ್ಯೂಟರ್ ಶಾಖವನ್ನು ಲೆಕ್ಕಹಾಕುತ್ತದೆ. ಸ್ಕ್ಯಾನರಿನಲ್ಲಿ ‘ಕ್ಲಚ್ ತಾಪಮಾನ’ ಎಂದು ಕಾಣುವುದು ಅನೇಕ ವೇಳೆ ಆ ಲೆಕ್ಕದ ಫಲ. ಅದು 200 ಡಿಗ್ರಿ ದಾಟಿದರೂ ಎಣ್ಣೆಯ ಮಿತಿಗಳನ್ನು ಅದಕ್ಕೆ ಹೋಲಿಸಿ ಭಯಪಡಬಾರದು. ಮುಂದಿನ ಗಾಡಿಯೊಂದಿಗೆ ಒಂದಷ್ಟು ಅಂತರ ಬಿಟ್ಟು, ಜಾಗ ಸಿಕ್ಕಾಗ ಒಮ್ಮೆಲೇ ಸಾಗಿ ಮತ್ತೆ ಪೂರ್ಣವಾಗಿ ನಿಲ್ಲುವುದು ಕ್ಲಚ್‌ಗೆ ಹಿತ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ನಿಲ್ಲಿಸಿಕೊಳ್ಳುವ ಅಭ್ಯಾಸವನ್ನು ಇಂದೇ ಬಿಡಿ, ಬ್ರೇಕ್ ಹಿಡಿಯಿರಿ.

ಮೈಸೂರು ಪಯಣ:

ನಮ್ಮದು ಎಎಂಟಿ. ಅದರ ಗೇರ್‌ಬಾಕ್ಸ್ ತಾಪಮಾನವನ್ನು ಎಲ್ಲಿ ನೋಡಬೇಕು?

ಹುಬ್ಬಳ್ಳಿ ಗ್ಯಾರೇಜ್:

ಎಎಂಟಿ ಎಂದರೆ ಸಾಮಾನ್ಯ ಮ್ಯಾನುಯಲ್ ಗೇರ್‌ಬಾಕ್ಸೇ ಮೇಡಂ. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ. ಟಾರ್ಕ್ ಕನ್ವರ್ಟರ್ ಇಲ್ಲ, ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಇಲ್ಲ, ಸಾಮಾನ್ಯವಾಗಿ ಎಣ್ಣೆಯ ಶಾಖದ ಸೆನ್ಸರೂ ಇರುವುದಿಲ್ಲ. ನೀವು ಕಾಪಾಡಬೇಕಾದದ್ದು ಕ್ಲಚ್ ತಟ್ಟೆಯನ್ನು. ಅದಕ್ಕೆ ಮೇಲಿನ ಸಲಹೆಯೇ ಅನ್ವಯಿಸುತ್ತದೆ.

ಕಲಬುರಗಿ ಬಿಸಿಲು:

ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನ ಅನುಭವವನ್ನು ಸೇರಿಸುತ್ತೇನೆ. ಜನವರಿಯಲ್ಲಿ ಎಸಿ ಹಾಕಿ ನಿಂತ ಗಾಡಿ ತೋರಿಸುವ ಅಂಕಿಗೂ ಮೇ ತಿಂಗಳಲ್ಲಿ ತೋರಿಸುವ ಅಂಕಿಗೂ ವ್ಯತ್ಯಾಸವಿದ್ದೇ ಇರುತ್ತದೆ, ಆದ್ದರಿಂದ ‘ನನ್ನ ಗಾಡಿಯ ಸಹಜ ಮಟ್ಟ’ ಎಂಬುದನ್ನು ಋತುವಿಗೊಂದರಂತೆ ಬರೆದಿಟ್ಟುಕೊಳ್ಳಬೇಕು. ಅದೇ ರಸ್ತೆ, ಅದೇ ಭಾರ, ಅದೇ ಹವೆಯಲ್ಲಿ ಕಳೆದ ವರ್ಷಕ್ಕಿಂತ 8 ಡಿಗ್ರಿ ಹೆಚ್ಚು ತೋರಿಸುತ್ತಿದ್ದರೆ ಅದು 104ಕ್ಕಿಂತಲೂ ದೊಡ್ಡ ಸುದ್ದಿ. ನಮ್ಮ ಕಡೆ ಅದಕ್ಕೆ ಎರಡು ಕಾರಣ ಮತ್ತೆ ಮತ್ತೆ ಸಿಗುತ್ತವೆ: ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ತುಂಬಿಕೊಂಡ ಧೂಳು, ಹತ್ತಿಯ ಎಳೆ, ಇಲ್ಲವೇ ಕೂಲಂಟ್ ಬದಲು ವರ್ಷಗಟ್ಟಲೆ ಸುರಿದ ಬೋರ್‌ವೆಲ್ ನೀರು ಒಳಕೊಳವೆಗಳಲ್ಲಿ ಕಟ್ಟಿದ ಉಪ್ಪಿನ ಪದರ.

ಅಂಕಿಯನ್ನು ಕಣ್ಣುಮುಚ್ಚಿ ನಂಬುವವರಿಗೆ ಒಂದು ಎಚ್ಚರಿಕೆ. ನಮ್ಮ ಬಂಧುಗಳ ಕಾರಿನಲ್ಲಿ ಜೇವರ್ಗಿ ದಾರಿಯಲ್ಲಿ ರೇಡಿಯೇಟರಿನ ಕೆಳಗಿನ ಹೋಸ್ ಒಡೆದು ಕೂಲಂಟ್ ಪೂರ್ತಿ ಸುರಿದುಹೋಯಿತು. ಫೋನಿನ ಅಂಕಿ ಮೊದಲು ಸ್ವಲ್ಪ ಏರಿ, ಆಮೇಲೆ ಇಳಿಯಿತು. ಸೆನ್ಸರ್ ದ್ರವದಲ್ಲಿ ಮುಳುಗಿದ್ದರೆ ಮಾತ್ರ ಎಂಜಿನ್ನಿನ ಶಾಖ ಹೇಳುತ್ತದೆ. ದ್ರವವೇ ಇಲ್ಲದಾಗ ಅದು ಅಳೆಯುವುದು ಬರೀ ಆವಿ ಅಥವಾ ಗಾಳಿಯನ್ನು. ಅಂಕಿ ಇಳಿಯಿತೆಂದು ಸಮಾಧಾನಪಟ್ಟು ಅವರು ಗಾಡಿ ಓಡಿಸುತ್ತಲೇ ಇದ್ದರು, ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋಯಿತು.

ಕರಾವಳಿ ಹೆದ್ದಾರಿ:

ಕಲಬುರಗಿಯವರ ಮಾತು ಓದಿ ದಿಗಿಲಾಯಿತು. ಹಾಗಾದರೆ ಇಳಿಯುವ ಅಂಕಿ ಒಳ್ಳೆಯದೋ ಕೆಟ್ಟದೋ ಎಂದು ತಿಳಿಯುವುದು ಹೇಗೆ?

ಕಲಬುರಗಿ ಬಿಸಿಲು:

ಇಳಿಯಲು ಕಾರಣವಿದೆಯೇ ಎಂದು ಕೇಳಿಕೊಳ್ಳಿ. ಏರು ಮುಗಿಯಿತು, ವೇಗ ಬಂತು, ಎಸಿ ಆರಿಸಿದಿರಿ, ಹೀಗೆ ಏನಾದರೂ ಇದ್ದರೆ ಅದು ಸಹಜ. ಏರಿನ ನಡುವೆ, ಪೆಡಲ್ ಒತ್ತಿರುವಾಗಲೇ ಅಂಕಿ ಸರ್ರನೆ ಬಿದ್ದರೆ ಅಥವಾ ಅತ್ತಿತ್ತ ಜಿಗಿದರೆ ತಕ್ಷಣ ನಿಲ್ಲಿಸಿ. ಇನ್ನೊಂದು ಪರೀಕ್ಷೆ: ಎಸಿ ಆರಿಸಿ ಹೀಟರ್ ಹಾಕಿ. ಎಂಜಿನ್ ಬಿಸಿಯಾಗಿದ್ದೂ ಹೀಟರ್ ತಣ್ಣನೆಯ ಗಾಳಿ ಬಿಟ್ಟರೆ ಒಳಗೆ ಕೂಲಂಟ್ ಹರಿಯುತ್ತಿಲ್ಲ. ನಿಮ್ಮ ಗಾಡಿ 5ಸಿ ಅಂಕಿಯನ್ನು, ಅಂದರೆ ಎಂಜಿನ್ ಎಣ್ಣೆಯ ತಾಪಮಾನವನ್ನು, ಕೊಡುವುದಾದರೆ ಅದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಕೂಲಂಟ್ ಇಳಿಯುತ್ತಿರುವಾಗ ಎಣ್ಣೆ ಏರುತ್ತಲೇ ಇದ್ದರೆ ಸಂಶಯ ಬಲವಾಗುತ್ತದೆ.

ಆಗುಂಬೆ ತಿರುವು:

ನನ್ನದು ತದ್ವಿರುದ್ಧವಾದ ಪ್ರಶ್ನೆ. ಆಗುಂಬೆಯಿಂದ ಸೋಮೇಶ್ವರದ ಕಡೆಗೆ ಆ 14 ಹೇರ್‌ಪಿನ್ ತಿರುವುಗಳನ್ನು ಇಳಿಯುವಾಗ ಕೂಲಂಟ್ 76ಕ್ಕೆ ಇಳಿಯುತ್ತದೆ. ಇದು ದೋಷವೇ?

ಸಂಕೇತ ಓದುಗ:

ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಯುವಾಗ ಎಂಜಿನ್ನಿಗೆ ಇಂಧನ ಪೂರೈಕೆಯೇ ನಿಂತಿರುತ್ತದೆ, ಮಳೆಗಾಲದ ಹವೆಯೂ ತಂಪು. ಆದ್ದರಿಂದ ಕೆಲಹೊತ್ತು ಕಡಿಮೆಯಾಗುವುದು ದೋಷವಲ್ಲ. ಹೆಬ್ರಿಯ ಸಮತಟ್ಟಾದ ರಸ್ತೆಗೆ ಬಂದ ಮೇಲೂ 80 ಮುಟ್ಟದೆ ಉಳಿದರೆ ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು. ಆಗ ಪಿ0128 ಎಂಬ ದೋಷದ ಕೋಡ್ ಬರುವ ಸಾಧ್ಯತೆಯಿದೆ. ಎಂಜಿನ್ ತಣ್ಣಗೇ ಉಳಿದರೆ ಇಂಧನ ಹೆಚ್ಚು ಖರ್ಚಾಗುತ್ತದೆ, ಸವೆತವೂ ಹೆಚ್ಚುತ್ತದೆ. ಇದೇ ಸಾಲಿನಲ್ಲಿ ಪಿ0217 ಎಂಜಿನ್ ಅತಿಯಾಗಿ ಬಿಸಿಯಾದದ್ದಕ್ಕೆ, ಪಿ0218 ಗೇರ್‌ಬಾಕ್ಸ್ ಎಣ್ಣೆ ಅತಿಯಾಗಿ ಬಿಸಿಯಾದದ್ದಕ್ಕೆ ಮೀಸಲು. ಕೋಡ್ ಬಂದರೆ ಅಳಿಸುವ ಮೊದಲು ‘ಫ್ರೀಜ್ ಫ್ರೇಮ್’ ವಿವರಗಳನ್ನು ಉಳಿಸಿಕೊಳ್ಳಿ. ದೋಷ ಕಂಡ ಕ್ಷಣದ ವೇಗ, ಸುತ್ತು, ತಾಪಮಾನ ಎಲ್ಲ ಅದರಲ್ಲಿರುತ್ತವೆ, ಅಳಿಸಿದರೆ ಅವೂ ಹೋಗುತ್ತವೆ.

ಬೆಳಗಾವಿ ತಂತಿ:

ಸ್ಕ್ಯಾನರ್ ಕೊಳ್ಳುವವರಿಗೆ ಒಂದೆರಡು ಮಾತು. ಇಂಥ ಅನೇಕ ಸ್ಕ್ಯಾನರ್‌ಗಳ ಒಳಗಿರುವುದು ಇಎಲ್‌ಎಂ 327 ಎಂಬ ಚಿಪ್ ಅಥವಾ ಅದರ ನಕಲು. ಇಎಲ್‌ಎಂ 327 ಚಿಪ್ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯದು. ಅದರ ಮೊದಲ ಆವೃತ್ತಿಯ ತಂತ್ರಾಂಶಕ್ಕೆ ನಕಲು ತಡೆ ಇರಲಿಲ್ಲ, ಅಲ್ಲಿಂದ ನಕಲುಗಳ ಪ್ರವಾಹವೇ ಹರಿಯಿತು. ಪೆಟ್ಟಿಗೆಯ ಮೇಲೆ ಆವೃತ್ತಿ 1.5 ಎಂದು ಬರೆದಿರುವುದನ್ನು ಬಹಳ ಕಡೆ ಕಾಣುತ್ತೀರಿ. ಮೂಲ ಸಂಸ್ಥೆ 1.5 ಎಂಬ ಆವೃತ್ತಿಯನ್ನು ಹೊರತರಲೇ ಇಲ್ಲ. ಅಗ್ಗದ ನಕಲು ಕೂಲಂಟ್ ತಾಪಮಾನವನ್ನು ಸರಿಯಾಗಿಯೇ ತೋರಿಸುತ್ತದೆ. ಗೇರ್‌ಬಾಕ್ಸ್ ಕಂಪ್ಯೂಟರಿನ ಬೇರೆ ವಿಳಾಸಕ್ಕೆ ಪ್ರಶ್ನೆ ಕಳಿಸಬೇಕಾದಾಗ, ಉದ್ದದ ಉತ್ತರಗಳನ್ನು ಪಡೆಯಬೇಕಾದಾಗ ಅದು ಮುಗ್ಗರಿಸುತ್ತದೆ. ‘ಮಾಹಿತಿ ಇಲ್ಲ’ ಎಂದರೆ ಗಾಡಿಯಲ್ಲಿ ಸೆನ್ಸರ್ ಇಲ್ಲ ಎಂದೇ ಅರ್ಥವಲ್ಲ.

ಐಫೋನ್ ಇದ್ದವರು ಹಳೆಯ ಬಗೆಯ ಬ್ಲೂಟೂತ್ ಸ್ಕ್ಯಾನರ್ ಕೊಳ್ಳಬೇಡಿ. ಬ್ಲೂಟೂತ್ ಲೋ ಎನರ್ಜಿ ಅಥವಾ ವೈಫೈ ಮಾದರಿ ಬೇಕು. ಆ್ಯಪ್‌ನಲ್ಲಿ ಹತ್ತಾರು ಅಂಕಿಗಳನ್ನು ಒಟ್ಟಿಗೆ ತೆರೆದಿಟ್ಟರೆ ಪ್ರತಿಯೊಂದೂ ನಿಧಾನವಾಗುತ್ತದೆ, ಏಕೆಂದರೆ ಸ್ಕ್ಯಾನರ್ ಒಂದೊಂದಾಗಿ ಕೇಳಿ ಉತ್ತರ ಪಡೆಯುತ್ತದೆ. ಘಾಟಿಯಲ್ಲಿ ಮೂರು ನಾಲ್ಕು ಅಂಕಿ ಸಾಕು.

ಸಂಚಾರಿ:

ಸ್ಕ್ಯಾನರನ್ನು ಸಾಕೆಟ್‌ನಲ್ಲಿ ಸದಾ ಬಿಟ್ಟಿರಬಹುದೇ? ಕೆಲವರು ಏನೂ ಆಗುವುದಿಲ್ಲ ಎನ್ನುತ್ತಾರೆ.

ಬೆಳಗಾವಿ ತಂತಿ:

ದಿನಾ ಓಡುವ ಗಾಡಿಯಲ್ಲಿ ಸಮಸ್ಯೆ ಕಾಣಿಸದೆ ಇರಬಹುದು, ಆದರೂ ಬಿಡಬೇಡಿ. 16 ಪಿನ್‌ಗಳ ಆ ಸಾಕೆಟ್‌ನ 16ನೆಯ ಪಿನ್‌ಗೆ ಕೀಲಿ ತೆಗೆದ ಮೇಲೂ ಬ್ಯಾಟರಿಯ ವಿದ್ಯುತ್ ಬರುತ್ತಲೇ ಇರುತ್ತದೆ. ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಇದರಿಂದ ಬರಿದಾಗಬಹುದು. ಜೊತೆಗೆ 1234 ಎಂಬ ಸಂಖ್ಯೆಯಿಂದ ಯಾರು ಬೇಕಾದರೂ ಜೋಡಿಸಿಕೊಳ್ಳಬಹುದಾದ ಸಾಧನವನ್ನು ಗಾಡಿಯ ಕಂಪ್ಯೂಟರಿಗೆ ತೆರೆದಿಡುವುದು ವಿವೇಕವಲ್ಲ.

ಮೈಸೂರು ಪಯಣ:

ಫೋನಿನ ಬಗ್ಗೆಯೂ ಹೇಳಲೇಬೇಕು. ತಿರುವುಗಳಲ್ಲಿ ಎದುರಿನಿಂದ ಬಸ್ಸು ಬರುತ್ತಿರುವಾಗ ಪರದೆಯ ಮೇಲಿನ ಅಂಕಿ ಓದುವುದು ಎಂಜಿನ್ ಬಿಸಿಯಾಗುವುದಕ್ಕಿಂತ ದೊಡ್ಡ ಅಪಾಯ. ಓಡಿಸುವಾಗ ಫೋನನ್ನು ಕೈಯಲ್ಲಿ ಹಿಡಿಯುವುದು ಮೋಟಾರು ವಾಹನ ಕಾಯ್ದೆಯ 184ನೆಯ ಕಲಮಿನ ಪ್ರಕಾರ ಅಪರಾಧ. ನಾವು ಆ್ಯಪ್‌ನಲ್ಲಿ ಮಿತಿ ಹೊಂದಿಸಿ, ಅದು ಮೀರಿದರೆ ಸದ್ದಾಗುವಂತೆ ಮಾಡಿಕೊಂಡಿದ್ದೇವೆ. ಫೋನ್ ಪಕ್ಕದಲ್ಲಿ ಕುಳಿತವರ ಬಳಿ ಇರುತ್ತದೆ.

ಶಿರಾಡಿ ದಾರಿ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೇರೆ ಸ್ಕ್ಯಾನರ್ ತಂದು, ನನ್ನ ಗಾಡಿಯ ಮಾದರಿಯನ್ನು ಆ್ಯಪ್‌ನಲ್ಲಿ ಆಯ್ದುಕೊಂಡ ಮೇಲೆ ಗೇರ್‌ಬಾಕ್ಸ್ ಎಣ್ಣೆಯ ಅಂಕಿ ಬಂತು. ಬೆಳಗಿನ ಪರೀಕ್ಷೆಯಲ್ಲಿ ಕೂಲಂಟ್ 24, ಒಳಗಾಳಿ 25, ಗೇರ್‌ಬಾಕ್ಸ್ 24 ಎಂದು ತೋರಿಸಿತು. ಊರಿನಿಂದ ಬರುವಾಗ ಟ್ಯಾಂಕರಿನ ಹಿಂದೆ ಡಿಯಲ್ಲೇ ತೆವಳಿದಷ್ಟು ಹೊತ್ತು ಗೇರ್‌ಬಾಕ್ಸ್ ಏರುತ್ತಲೇ ಹೋಗಿ 119 ಮುಟ್ಟಿತು. ಆಗ ಕೂಲಂಟ್ 102 ಮಾತ್ರ. ದಾರಿ ಬಿಡುವಾದ ಬಳಿಕ ಎರಡನೇ ಗೇರಿನಲ್ಲಿ ಹಿಡಿದು ಏರಿದಾಗ ಅದು ನಿಧಾನವಾಗಿ 106ಕ್ಕೆ ಇಳಿಯಿತು. ಎಣ್ಣೆಯನ್ನು ಗಾಡಿ ಕೊಂಡಾಗಿನಿಂದ ಬದಲಿಸಿಲ್ಲ, ಏಕೆಂದರೆ ಅದು ಜೀವಮಾನದ ಎಣ್ಣೆ ಎಂದು ಮಾರಾಟಗಾರರು ಹೇಳಿದ್ದರು. ಈಗ ಹೆಚ್ಚುವರಿ ಕೂಲರ್ ಹಾಕಿಸಬೇಕೇ? 119 ಇದ್ದಾಗ ಗಾಡಿಯನ್ನು ಕೂಡಲೇ ಆಫ್ ಮಾಡಬೇಕಿತ್ತೇ?

ಹುಬ್ಬಳ್ಳಿ ಗ್ಯಾರೇಜ್:

ಕೂಲರಿಗೆ ಹಣ ಸುರಿಯುವ ಮೊದಲು ಅಗ್ಗದ ಕೆಲಸಗಳನ್ನು ಮುಗಿಸಿ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಕಸವನ್ನು ಹಗುರ ಒತ್ತಡದ ನೀರಿನಿಂದ ತೊಳೆಸಿ, ಏಕೆಂದರೆ ಬಹಳಷ್ಟು ಗಾಡಿಗಳಲ್ಲಿ ಗೇರ್‌ಬಾಕ್ಸ್ ಎಣ್ಣೆ ತಂಪಾಗುವುದೂ ಅದೇ ಕೂಲಂಟ್ ಅಥವಾ ಅದೇ ಗಾಳಿಯಿಂದ. ಆಮೇಲೆ ಎಣ್ಣೆ ಬದಲಿಸಿ, ಆದರೆ ತಯಾರಕರು ಸೂಚಿಸಿದ ದರ್ಜೆಯದನ್ನೇ ಹಾಕಿಸಿ. ಹೊರಬಂದ ಎಣ್ಣೆ ಕಂದುಗಟ್ಟಿ ಸುಟ್ಟ ವಾಸನೆ ಬರುತ್ತಿದ್ದರೆ ಜೀವಮಾನದ ಮಾತಿಗೆ ಉತ್ತರ ಅಲ್ಲೇ ಸಿಗುತ್ತದೆ. ಇಷ್ಟಾದ ಮೇಲೂ ಅದೇ ಏರಿನಲ್ಲಿ 115 ದಾಟುತ್ತಿದ್ದರೆ ಕೂಲರ್ ಯೋಚಿಸಿ. ವಾರಂಟಿ ಉಳಿದಿದ್ದರೆ ಮೊದಲು ಸರ್ವಿಸ್ ಕೇಂದ್ರದಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಗೇರ್‌ಬಾಕ್ಸ್ ಬಿಸಿಯಾದಾಗ ತಕ್ಷಣ ಆಫ್ ಮಾಡಬಾರದು. ಎಣ್ಣೆ ಪಂಪ್ ತಿರುಗುವುದು ಎಂಜಿನ್ನಿನಿಂದ. ಎಂಜಿನ್ ನಿಂತರೆ ಕೂಲರಿಗೆ ಎಣ್ಣೆಯ ಹರಿವೂ ನಿಲ್ಲುತ್ತದೆ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಪಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಅಂಕಿ 100ರ ಕೆಳಗೆ ಬರುವವರೆಗೆ ಎಂಜಿನ್ ಓಡಲು ಬಿಡಿ. ಟರ್ಬೊಗೂ ಅದು ಒಳ್ಳೆಯದು.

ಸಂಚಾರಿ:

ಎಂಜಿನ್ ಬಿಸಿಯಾದರೂ ಹೀಗೆಯೇ ಓಡಿಸುತ್ತಿರಬೇಕೇ? ನಮ್ಮ ತಂದೆಯವರು ಮೊದಲು ಆಫ್ ಮಾಡು ಎನ್ನುತ್ತಾರೆ.

ಹುಬ್ಬಳ್ಳಿ ಗ್ಯಾರೇಜ್:

ಇಬ್ಬರ ಮಾತಿಗೂ ಜಾಗವಿದೆ. ಕೂಲಂಟ್ ಒಳಗಿದ್ದು, ಏರಿನ ಭಾರಕ್ಕೆ ಅಂಕಿ 110 ದಾಟಿದ್ದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ತೆರೆದು, ನಿಲ್ಲಿಸಿ ಐಡಲ್‌ನಲ್ಲಿ ಬಿಡಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ. ಆವಿ ಬರುತ್ತಿದ್ದರೆ, ಕೆಂಪು ದೀಪ ಬಂದಿದ್ದರೆ, ಕೂಲಂಟ್ ಸೋರುತ್ತಿದ್ದರೆ ಅಥವಾ ಅಂಕಿ ಇಳಿಯದೆ ಏರುತ್ತಲೇ ಇದ್ದರೆ ತಂದೆಯವರು ಹೇಳಿದಂತೆ ತಕ್ಷಣ ಆಫ್ ಮಾಡಿ. ಎರಡೂ ಸಂದರ್ಭದಲ್ಲಿ ಬಿಸಿ ರೇಡಿಯೇಟರಿನ ಮುಚ್ಚಳವನ್ನು ತೆರೆಯಬೇಡಿ. ಒತ್ತಡ ಬಿಟ್ಟ ಕ್ಷಣ ಒಳಗಿನ ದ್ರವ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಹೀಗೆ ಸುಟ್ಟುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕರಾವಳಿ ಹೆದ್ದಾರಿ:

ಎಚ್ಚರಿಕೆಯ ಸದ್ದಿಗೆ ಯಾವ ಅಂಕಿ ಹಾಕಬೇಕೆಂದು ಯಾರಾದರೂ ನಿಖರವಾಗಿ ಹೇಳಿ.

ಡೆನ್ವರ್ ಕನ್ನಡಿಗ:

ಗೇರ್‌ಬಾಕ್ಸ್‌ಗೆ 115 ಮತ್ತು 125, ಕೂಲಂಟ್‌ಗೆ 108 ಮತ್ತು 115 ಎಂದು ಎರಡೆರಡು ಹಂತ ನಾನು ಇಟ್ಟುಕೊಂಡಿದ್ದೇನೆ.

ಸಂಕೇತ ಓದುಗ:

ಕೂಲಂಟ್‌ನ 108ನ್ನು ಎಲ್ಲರಿಗೂ ಸೂಚಿಸಲು ನನ್ನ ತಕರಾರಿದೆ. ಇಂಧನ ಉಳಿತಾಯಕ್ಕಾಗಿ ಎಂಜಿನ್ನನ್ನು ಬೇಕೆಂದೇ 105ರ ಆಸುಪಾಸಿನಲ್ಲಿ ಓಡಿಸುವ ಮಾದರಿಗಳಿವೆ. ಅವುಗಳಲ್ಲಿ 108ರ ಸದ್ದು ದಿನವೂ ಬರುತ್ತದೆ, ಆಮೇಲೆ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಇನ್ನು ಕೆಲವು ಎಂಜಿನ್‌ಗಳು 90 ದಾಟುವುದೇ ಅಪರೂಪ. ಅವುಗಳಲ್ಲಿ 108ರವರೆಗೆ ಕಾಯುವುದು ತಡವಾಗುತ್ತದೆ. ತಮ್ಮ ಗಾಡಿ ಪೂರ್ಣ ಭಾರದಲ್ಲಿ, ಬಿಸಿಲಿನಲ್ಲಿ, ಗೊತ್ತಿರುವ ಏರಿನಲ್ಲಿ ತೋರಿಸಿದ ಅತಿ ಹೆಚ್ಚಿನ ಅಂಕಿಗೆ 5 ಡಿಗ್ರಿ ಸೇರಿಸಿ ಮೊದಲ ಹಂತವನ್ನು ಇಟ್ಟುಕೊಳ್ಳಿ. ಎರಡನೆಯ ಹಂತಕ್ಕೆ 115 ಸರಿ. ಶಿರಾಡಿಯವರು ಕೂಲಂಟ್‌ಗೆ 109 ಹಾಕಿಕೊಳ್ಳಲಿ. ಗೇರ್‌ಬಾಕ್ಸ್‌ಗೆ ಎಣ್ಣೆ ಬದಲಿಸಿದ ನಂತರ ಅದೇ ಘಾಟಿಯನ್ನು ಮತ್ತೆ ಏರಿ ಅಂಕಿ ನೋಡುವವರೆಗೆ 115 ಇರಲಿ.